ಹಳೆಯದಕ್ಕೆ ಮರಳುವ ದಾರಿ

ಹೊಸ ಚಪ್ಪಲಿ ಕಚ್ಚಿದಾಗಲೇ ಹಳೆಯ ಚಪ್ಪಲಿಯ ಬೆಲೆ ತಿಳಿಯುವುದು. ಆದರೆ ಹಳೆಯದನ್ನು ಎಸೆಯದೆ ಮೂಲೆಯಲ್ಲಿ ಇಟ್ಟಿದ್ದವನು ಮಾತ್ರ ಅದನ್ನು ಮತ್ತೆ ಮೆಟ್ಟಬಲ್ಲ. ಮನೆಯ ಗಣಕಯಂತ್ರದ ವಿಷಯದಲ್ಲಿಯೂ ಇದೇ ಮಾತು ಸಲ್ಲುತ್ತದೆ. ಅದನ್ನು ನಡೆಸುವ ಆಪರೇಟಿಂಗ್ ಸಿಸ್ಟಂ ಎಂಬ ವ್ಯವಸ್ಥೆ ಕೆಲವು ವರ್ಷಗಳಿಗೊಮ್ಮೆ ಬದಲಾಗುತ್ತದೆ. ಹೊಸದು ಒಗ್ಗದವರು ಹಳೆಯದಕ್ಕೆ ಮರಳಲು ಬಯಸುತ್ತಾರೆ. ಮರಳುವ ದಾರಿ ಇದೆ. ಆದರೆ ಅದು ಎಷ್ಟು ದಿನ ತೆರೆದಿರುತ್ತದೆ, ಆ ದಾರಿಯಲ್ಲಿ ಕಳೆದುಕೊಳ್ಳುವುದೇನು ಎಂಬುದನ್ನು ಹೊರಡುವ ಮೊದಲೇ ತಿಳಿದಿರುವುದು ಒಳ್ಳೆಯದು.

ನನ್ನ ಪರಿಚಯದ ನಿವೃತ್ತ ಉಪಾಧ್ಯಾಯರೊಬ್ಬರು ಹನ್ನೆರಡು ವರ್ಷಗಳ ಕಾಲ ತಮ್ಮ ಸೀಮೆಯ ಒಕ್ಕಲುತನದ ಮಾತುಗಳನ್ನು ಸಂಗ್ರಹಿಸಿದ್ದರು. ನೇಗಿಲಿನ ಭಾಗಗಳ ಹೆಸರು, ಮಳೆಯ ಬಗೆಗಳ ಹೆಸರು, ಕಣದಲ್ಲಿ ಆಡುವ ಮಾತು ಇವೆಲ್ಲವನ್ನೂ ಊರೂರು ಸುತ್ತಿ, ಮುದುಕರ ಬಳಿ ಕುಳಿತು ಕೇಳಿ, ಮನೆಗೆ ಬಂದು ಗಣಕಯಂತ್ರಕ್ಕೆ ಬೆರಳಚ್ಚು ಮಾಡುತ್ತಿದ್ದರು. ಹೊಸ ವ್ಯವಸ್ಥೆ ಬಂದ ಮೇಲೆ ಅವರ ಯಂತ್ರ ನಿಧಾನವಾಯಿತು. ಮುದ್ರಣಯಂತ್ರವೂ ಮಾತು ಕೇಳದಾಯಿತು. ಅಂಗಡಿಯೊಂದಕ್ಕೆ ಒಯ್ದು, "ನನಗೆ ಹಳೆಯದೇ ಬೇಕಪ್ಪ" ಎಂದರು. ಅಲ್ಲಿಯ ಹುಡುಗ ಕೇಳಿದಷ್ಟನ್ನೇ ಮಾಡಿಕೊಟ್ಟ. ಎರಡು ಗಂಟೆಯಲ್ಲಿ ಹಳೆಯ ವ್ಯವಸ್ಥೆ ಮರಳಿತು. ಹನ್ನೆರಡು ವರ್ಷದ ಬರಹ ಹೋಯಿತು. "ಒಳಗೆ ಇರುವುದೇನು?" ಎಂದು ಅವನು ಕೇಳಲಿಲ್ಲ. ಕೇಳಬಹುದಾದ ಪ್ರಶ್ನೆಯೊಂದು ಅಲ್ಲಿದೆ ಎಂದು ಇವರಿಗೂ ತಿಳಿದಿರಲಿಲ್ಲ. ಈ ಹೊತ್ತಿನ ನನ್ನ ಮಾತಿಗೆ ಆ ಪ್ರಸಂಗವೇ ಕಾರಣ.

ಆಪರೇಟಿಂಗ್ ಸಿಸ್ಟಂ ಎಂದರೇನು? ಹಿಂದಿನ ಕಾಲದ ಊರಿನ ಶಾನುಭೋಗರನ್ನು ನೆನೆಸಿಕೊಳ್ಳಿ. ಜಮೀನು ಅವರದಲ್ಲ, ಬೆಳೆಯೂ ಅವರದಲ್ಲ. ಆದರೆ ಯಾವ ಹೊಲ ಯಾರದು, ಎಲ್ಲೆ ಎಲ್ಲಿಗೆ ಎಂಬುದೆಲ್ಲ ಅವರ ಕಡತದಲ್ಲಿ ಇರುತ್ತಿತ್ತು. ಗಣಕಯಂತ್ರದ ವ್ಯವಸ್ಥೆಯದೂ ಅಂಥದೇ ಕೆಲಸ. ನಮ್ಮ ಕಾಗದಪತ್ರ, ಛಾಯಾಚಿತ್ರಗಳು ಡಿಸ್ಕಿನ ಯಾವ ಭಾಗದಲ್ಲಿವೆ ಎಂಬ ಲೆಕ್ಕವನ್ನು ಅದು ಇಡುತ್ತದೆ. ಕೀಲಿಮಣೆ, ತೆರೆ, ಮುದ್ರಣಯಂತ್ರಗಳಿಗೆ ಕೆಲಸ ಹಂಚುತ್ತದೆ. ಶಾನುಭೋಗರು ಬದಲಾದರೆ ಹೊಲ ಎಲ್ಲಿಗೂ ಹೋಗುವುದಿಲ್ಲ. ಆದರೆ ಬಂದವರು ಹಳೆಯ ಕಡತವನ್ನು ಸುಟ್ಟು ಹೊಸದಾಗಿ ಬರೆಯತೊಡಗಿದರೆ ಯಾರ ಹೊಲ ಯಾರಿಗೆ ಉಳಿದೀತು? ಡಿಸ್ಕನ್ನು ಫಾರ್ಮ್ಯಾಟ್ ಮಾಡುವುದೆಂದರೆ ಹೆಚ್ಚು ಕಡಿಮೆ ಇದೇ.

ಹಳೆಯದನ್ನು ಬಯಸುವುದು ಮುದುಕರ ಮೊಂಡುತನವೆಂದು ತಳ್ಳಿಹಾಕುವಂತಿಲ್ಲ. ಮೈಕ್ರೋಸಾಫ್ಟ್ ಸಂಸ್ಥೆ 2001ರಲ್ಲಿ ವಿಂಡೋಸ್ ಎಕ್ಸ್‌ಪಿಯನ್ನು ಹೊರತಂದಿತು. ಅದು ನಡೆಯಲು ಕನಿಷ್ಠ 64 ಮೆಗಾಬೈಟ್ ಸ್ಮೃತಿ ಸಾಕಾಗಿತ್ತು. 2007ರ ಜನವರಿಯಲ್ಲಿ ಜನರ ಕೈಗೆ ಬಂದ ವಿಂಡೋಸ್ ವಿಸ್ತಾಕ್ಕೆ ಕನಿಷ್ಠ 512 ಮೆಗಾಬೈಟ್ ಬೇಕಾಯಿತು. ಅಂದರೆ ಎಂಟು ಪಟ್ಟು. ನಿನ್ನೆಯವರೆಗೆ ಚುರುಕಾಗಿದ್ದ ಯಂತ್ರಗಳು ಏದುಸಿರು ಬಿಟ್ಟವು. ಹಳೆಯ ಮುದ್ರಣಯಂತ್ರ, ಸ್ಕ್ಯಾನರುಗಳಲ್ಲಿ ಹಲವಕ್ಕೆ ಹೊಸ ವ್ಯವಸ್ಥೆಯ ಭಾಷೆ ತಿಳಿಯಲಿಲ್ಲ. ಯಂತ್ರಭಾಗಕ್ಕೂ ವ್ಯವಸ್ಥೆಗೂ ನಡುವೆ ದುಭಾಷಿಯಂತೆ ಇರುವ ಡ್ರೈವರ್ ಎಂಬ ತಂತ್ರಾಂಶವನ್ನು ಹೊಸದಾಗಿ ಬರೆಯಬೇಕಾಗಿತ್ತು. ಎಲ್ಲ ತಯಾರಕರೂ ಬರೆದುಕೊಡಲಿಲ್ಲ. ಹಾಗಾಗಿ ವಿಸ್ತಾ ಕೊಂಡವರೇ ಎಕ್ಸ್‌ಪಿಗೆ ಮರಳತೊಡಗಿದರು. ವಿಸ್ತಾದ ಬಿಸಿನೆಸ್ ಮತ್ತು ಅಲ್ಟಿಮೇಟ್ ಆವೃತ್ತಿಗಳನ್ನು ಯಂತ್ರದೊಡನೆ ಕೊಂಡವರಿಗೆ ಹಾಗೆ ಮರಳುವ ಹಕ್ಕನ್ನು ಸಂಸ್ಥೆಯೇ ಕೊಟ್ಟಿತ್ತು. ಮನೆಬಳಕೆಯ ಅಗ್ಗದ ಆವೃತ್ತಿಗಳಿಗೆ ಮಾತ್ರ ಆ ಹಕ್ಕು ಇರಲಿಲ್ಲ. 2009ರಲ್ಲಿ ವಿಂಡೋಸ್ 7 ಬಂದ ಮೇಲೆಯೇ ಬಹುಮಂದಿ ಎಕ್ಸ್‌ಪಿಯನ್ನು ಬಿಡಲು ಮನಸ್ಸು ಮಾಡಿದರು.

ಈಗಿನ ಕ್ರಮ ಹೀಗಿದೆ. 2021ರ ಅಕ್ಟೋಬರಿನಲ್ಲಿ ವಿಂಡೋಸ್ 11 ಹೊರಬಂತು. ವಿಂಡೋಸ್ 10 ಇದ್ದ ಯಂತ್ರವನ್ನು ಅದಕ್ಕೆ ಏರಿಸಿದಾಗ, ಹಳೆಯ ವ್ಯವಸ್ಥೆ ಕೂಡಲೆ ಅಳಿದುಹೋಗುವುದಿಲ್ಲ. 'ವಿಂಡೋಸ್ ಓಲ್ಡ್' ಎಂಬ ಹೆಸರಿನ ಕೋಣೆಯೊಂದರಲ್ಲಿ ಅದನ್ನು ಕಟ್ಟಿಡಲಾಗುತ್ತದೆ. ಹತ್ತು ದಿನಗಳೊಳಗೆ ಸೆಟ್ಟಿಂಗ್ಸ್‌ನಲ್ಲಿ ರಿಕವರಿ ಎಂಬಲ್ಲಿಗೆ ಹೋಗಿ 'ಗೋ ಬ್ಯಾಕ್' ಎಂಬುದನ್ನು ಒತ್ತಿದರೆ ಯಂತ್ರ ಹಿಂದಿನ ಸ್ಥಿತಿಗೆ ಮರಳುತ್ತದೆ. ನಮ್ಮ ಬರಹ, ಚಿತ್ರಗಳು ಉಳಿಯುತ್ತವೆ. ನಡುವೆ ಹೊಸದಾಗಿ ಹಾಕಿಕೊಂಡ ತಂತ್ರಾಂಶಗಳು ಮಾತ್ರ ಹೋಗುತ್ತವೆ. ಹತ್ತು ದಿನ ಕಳೆದ ಮೇಲೆ ಯಂತ್ರ ತಾನೇ ಆ ಕೋಣೆಯನ್ನು ಖಾಲಿ ಮಾಡಿಬಿಡುತ್ತದೆ. ಜಾಗ ಸಾಲದೆಂದು ನಾವೇ ಅದನ್ನು ಮೊದಲೇ ಅಳಿಸಿದರೂ ದಾರಿ ಮುಚ್ಚಿದಂತೆಯೇ. ವಿಂಡೋಸ್ 10 ಬಂದ ಹೊಸದರಲ್ಲಿ ಈ ಅವಧಿ ಮೂವತ್ತು ದಿನವಾಗಿತ್ತು. 2016ರಲ್ಲಿ ಅದನ್ನು ಹತ್ತಕ್ಕೆ ಇಳಿಸಲಾಯಿತು. ಅವಧಿ ಮುಗಿಯುವ ಮೊದಲೇ ಬಲ್ಲವರಿಂದ ಒಂದು ಆಜ್ಞೆ ಕೊಡಿಸಿದರೆ ಅದನ್ನು ಅರವತ್ತು ದಿನಗಳವರೆಗೆ ಬೆಳೆಸಬಹುದು. ಕೊಳ್ಳುವಾಗಲೇ ವಿಂಡೋಸ್ 11 ಇದ್ದ ಯಂತ್ರಕ್ಕೆ ಈ ದಾರಿಯೇ ಇಲ್ಲ. ಅದರಲ್ಲಿ ಮರಳಲು ಹಿಂದಿನದೊಂದು ಇರುವುದಿಲ್ಲ.

ಅವಧಿ ಮೀರಿದ ಮೇಲೆ ಉಳಿಯುವುದು ಒಂದೇ ಉಪಾಯ: ಹಳೆಯ ವ್ಯವಸ್ಥೆಯನ್ನು ಹೊರಗಿನಿಂದ ತಂದು ಹೊಸದಾಗಿ ಸ್ಥಾಪಿಸುವುದು. ಸಾಮಾನ್ಯವಾಗಿ ಅಂಗಡಿಗಳಲ್ಲಿ ಇದಕ್ಕೆ ಡಿಸ್ಕನ್ನು ಫಾರ್ಮ್ಯಾಟ್ ಮಾಡುತ್ತಾರೆ. ನಮ್ಮ ಉಪಾಧ್ಯಾಯರ ಯಂತ್ರಕ್ಕೆ ಆದದ್ದು ಇದೇ. ಹತ್ತು ದಿನಗಳೊಳಗಿನ ಮರಳುವಿಕೆಯನ್ನೂ ಅನಂತರದ ಮರಳುವಿಕೆಯನ್ನೂ ನಮ್ಮ ಜನ ಒಂದೇ ಮಾತಿನಿಂದ ಕರೆಯುತ್ತಾರೆ: 'ಹಳೆಯದನ್ನು ಹಾಕಿಸುವುದು'. ಆದರೆ ಮೊದಲನೆಯದು ಬಿಟ್ಟುಬಂದ ಮನೆಗೆ ಹಿಂದಿರುಗಿದಂತೆ. ಎರಡನೆಯದು ಇರುವ ಮನೆಯನ್ನು ಕೆಡವಿ, ಹಳೆಯ ನಕ್ಷೆಯಂತೆ ಮತ್ತೆ ಕಟ್ಟಿಸಿದಂತೆ. ಗೋಡೆಗಳು ಹಾಗೆಯೇ ಕಾಣಬಹುದು, ಒಳಗಿನ ಸಾಮಾನು ಇರುವುದಿಲ್ಲ.

ಕನ್ನಡದಲ್ಲಿ ಬರೆಯುವವರಿಗೆ ಇಲ್ಲಿ ಇನ್ನೊಂದು ತೊಡಕು ಇದೆ. ವಿಂಡೋಸ್ ವ್ಯವಸ್ಥೆ ತಾನಾಗಿ ಕನ್ನಡವನ್ನು ಕಲಿತದ್ದು ಎಕ್ಸ್‌ಪಿಯಿಂದ. 'ತುಂಗಾ' ಎಂಬ ಅಕ್ಷರರೂಪ ಅದರೊಡನೆಯೇ ಬಂತು. ಅದಕ್ಕೂ ಮೊದಲು ನಾವು ಬರಹದಂಥ ತಂತ್ರಾಂಶಗಳನ್ನು ನೆಚ್ಚಿದ್ದೆವು. ಆಮೇಲೆಯೂ ನುಡಿ, ಬರಹಗಳ ಹಳೆಯ ಕ್ರಮದಲ್ಲಿ ಬರೆದವರು ಬಹಳ. ಆ ಕ್ರಮದಲ್ಲಿ ರೋಮನ್ ಅಕ್ಷರ, ಚಿಹ್ನೆಗಳಿಗೆ ಮೀಸಲಾದ ಸಂಖ್ಯೆಗಳ ಮೇಲೆ ಕನ್ನಡದ ರೂಪಗಳನ್ನು ಕೂರಿಸಲಾಗುತ್ತಿತ್ತು. ಆ ಅಕ್ಷರರೂಪ ಯಂತ್ರದಲ್ಲಿ ಇಲ್ಲದಿದ್ದರೆ ನಮ್ಮ ಕನ್ನಡ ಪುಟ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ. ಫಾರ್ಮ್ಯಾಟ್ ಆದ ಯಂತ್ರದಲ್ಲಿ ಅದು ಇರುವುದಿಲ್ಲ. ಬರಹವನ್ನು ಬೇರೆಡೆ ಉಳಿಸಿಟ್ಟವರೂ ಅದನ್ನು ತೆರೆದು ನೋಡಿ, ಎಲ್ಲವೂ ಕೆಟ್ಟುಹೋಯಿತೆಂದು ಅಳಿಸಿಬಿಡುವುದುಂಟು. ಅವಸರ ಬೇಡ. ಆ ತಂತ್ರಾಂಶವನ್ನು ಮತ್ತೆ ಹಾಕಿದರೆ ಅಕ್ಷರಗಳು ಮರಳುತ್ತವೆ. ಆಗಲೇ ಅವುಗಳನ್ನು ಯೂನಿಕೋಡ್ ಕ್ರಮಕ್ಕೆ ಪರಿವರ್ತಿಸಿಕೊಂಡರೆ ಮುಂದೆ ವ್ಯವಸ್ಥೆ ಯಾವುದಾದರೂ ಓದು ನಿಲ್ಲುವುದಿಲ್ಲ.

ಹಳೆಯ ಮನೆಗೆ ಮರಳಿದವರು ಅದರ ಬೀಗವನ್ನೂ ನೋಡಿಕೊಳ್ಳಬೇಕು. ವ್ಯವಸ್ಥೆಯಲ್ಲಿ ಕಾಲಕಾಲಕ್ಕೆ ಬಿರುಕುಗಳು ಕಾಣಿಸಿಕೊಳ್ಳುತ್ತವೆ. ತಯಾರಿಸಿದ ಸಂಸ್ಥೆ ತೇಪೆ ಕಳುಹಿಸುತ್ತದೆ. ಒಂದು ದಿನ ಅದು ಕೈಬಿಡುತ್ತದೆ. ಎಕ್ಸ್‌ಪಿಗೆ ಆ ದಿನ ಬಂದದ್ದು 2014ರ ಏಪ್ರಿಲ್ 8ರಂದು, ವಿಂಡೋಸ್ 7ಕ್ಕೆ 2020ರ ಜನವರಿ 14ರಂದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು. ಈ ಕೊನೆಯದಕ್ಕೆ ಮಾತ್ರ, ನೋಂದಾಯಿಸಿಕೊಂಡ ಮನೆಬಳಕೆದಾರರಿಗೆ ಇನ್ನೊಂದು ವರ್ಷ ಭದ್ರತೆಯ ತೇಪೆಗಳನ್ನು ಕೊಡುವುದಾಗಿ ಸಂಸ್ಥೆ ಪ್ರಕಟಿಸಿತು. ತೇಪೆಯಿಲ್ಲದ ಯಂತ್ರದ ಗತಿ ಏನೆಂಬುದನ್ನು 2017ರ ಮೇ ತಿಂಗಳಲ್ಲಿ ಲೋಕವೇ ಕಂಡಿತು. ವಾನಾಕ್ರೈ ಎಂಬ ಪಿಡುಗು ಯಂತ್ರಗಳೊಳಗೆ ನುಗ್ಗಿ, ಅಲ್ಲಿಯ ಬರಹಗಳಿಗೆಲ್ಲ ಬೀಗ ಜಡಿದು ಬೀಗದ ಕೈಗೆ ಹಣ ಕೇಳಿತು. ಬ್ರಿಟನ್ನಿನ ಆಸ್ಪತ್ರೆಗಳ ಕೆಲಸವೂ ನಿಂತಿತು. ಅದು ನುಗ್ಗಿದ ಬಿರುಕಿಗೆ ಆ ವರ್ಷದ ಮಾರ್ಚಿಯಲ್ಲೇ ತೇಪೆ ಬಂದಿತ್ತು. ಹಾಕಿಸಿಕೊಳ್ಳದವರು ಸಿಕ್ಕಿಬಿದ್ದರು. ಕೈಬಿಟ್ಟು ಮೂರು ವರ್ಷವಾಗಿದ್ದ ಎಕ್ಸ್‌ಪಿಗೂ ಆಗ ಸಂಸ್ಥೆ ತೇಪೆಯೊಂದನ್ನು ಕಳುಹಿಸಿತು. ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ.

ಹಾಗಾದರೆ ಹಳೆಯದು ಬೇಡವೆ? ಹಾಗಲ್ಲ. ಹಳೆಯ ತಂತ್ರಾಂಶವೊಂದು ಹಳೆಯ ವ್ಯವಸ್ಥೆಯಲ್ಲಿ ಮಾತ್ರ ನಡೆಯುವುದಾದರೆ ಅದಕ್ಕಾಗಿ ಒಂದು ಯಂತ್ರವನ್ನು ಹಾಗೆಯೇ ಇರಿಸಿಕೊಳ್ಳಬಹುದು. ಆದರೆ ತೇಪೆ ನಿಂತುಹೋದ ಯಂತ್ರವನ್ನು ಅಂತರಜಾಲಕ್ಕೆ ಜೋಡಿಸದಿರುವುದು ಕ್ಷೇಮ. ಇನ್ನು ಕೆಲವು ಯಂತ್ರಗಳು ಹೊಸದಕ್ಕೆ ಏರಲಾರವು. ವಿಂಡೋಸ್ 11 ಕೇಳುವ ಟಿಪಿಎಂ 2.0 ಎಂಬ ಭದ್ರತಾ ಸಾಧನ ಅವುಗಳಲ್ಲಿ ಇರುವುದಿಲ್ಲ. ಮುಂದಕ್ಕಾಗಲಿ ಹಿಂದಕ್ಕಾಗಲಿ ಹೊರಡುವವರು ಮಾಡಬೇಕಾದ ಕೆಲಸ ಒಂದೇ: ನಮ್ಮ ಬರಹಗಳ ಎರಡು ಪ್ರತಿಗಳನ್ನು ಯಂತ್ರದ ಹೊರಗೆ, ಬೇರೆ ಬೇರೆ ಕಡೆ ಇರಿಸಬೇಕು, ಅವನ್ನು ಇನ್ನೊಂದು ಯಂತ್ರದಲ್ಲಿ ತೆರೆದು ಓದಿ ನೋಡಬೇಕು. ಓದಿ ನೋಡದ ಪ್ರತಿಯನ್ನು ಪ್ರತಿಯೆಂದು ನಂಬಬಾರದು.

ಉಪಾಧ್ಯಾಯರ ಬಳಿ ಹಿಂದೆ ಯಾವಾಗಲೋ ಮುದ್ರಿಸಿಕೊಂಡಿದ್ದ ಅರವತ್ತು ಪುಟಗಳು ಉಳಿದಿದ್ದವು. ಮಿಕ್ಕ ಮಾತುಗಳನ್ನು ಮತ್ತೆ ಸಂಗ್ರಹಿಸಲು ಹಿಂದಿನ ಊರುಗಳಿಗೇ ಹೊರಟರು. ಕೆಲವು ಮನೆಗಳಲ್ಲಿ ಹಿಂದೆ ಮಾತು ಹೇಳಿದ್ದ ಮುದುಕರು ತೀರಿಕೊಂಡಿದ್ದರು. ಅವರ ಮಕ್ಕಳಿಗೆ ಆ ಮಾತುಗಳು ತಿಳಿದಿರಲಿಲ್ಲ. ಟ್ರ್ಯಾಕ್ಟರು ಬಂದ ಮೇಲೆ ನೇಗಿಲಿನ ಭಾಗಗಳ ಹೆಸರು ಯಾರಿಗೆ ಬೇಕು? ಗಣಕಯಂತ್ರದ ವ್ಯವಸ್ಥೆ ಕೆಟ್ಟರೆ ಇನ್ನೊಂದು ಸಿಗುತ್ತದೆ. ಆ ಮುದುಕರು ಇನ್ನು ಸಿಗುವುದಿಲ್ಲ. ಈಗ ಆ ಉಪಾಧ್ಯಾಯರು ಪ್ರತಿ ಅಮಾವಾಸ್ಯೆಯ ದಿನ ತಮ್ಮ ಬರಹದ ಪ್ರತಿ ತೆಗೆದು, ಒಂದನ್ನು ಮಗಳ ಮನೆಯಲ್ಲಿ ಇರಿಸಿ ಬರುತ್ತಾರೆ.