ಗೆರೆಯಂಚಿನ ಓಟ

ಗುಲ್ಬರ್ಗ ಜಿಲ್ಲೆ ಹೈದರಾಬಾದ್ ರಾಜ್ಯವನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಸರಿಯಾಗಿ ಒಂದು ತಿಂಗಳ ನಂತರ, ಡಿಸೆಂಬರ್ 1ರಂದು, ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತದ ಫುಟ್‌ಬಾಲ್ ತಂಡ ಆತಿಥೇಯ ಆಸ್ಟ್ರೇಲಿಯವನ್ನು 4–2ರಿಂದ ಸೋಲಿಸಿ ಸೆಮಿಫೈನಲ್ ಮುಟ್ಟಿತು. ಏಷ್ಯದ ಬೇರಾವ ತಂಡವೂ ಅದಕ್ಕೆ ಮೊದಲು ಅಷ್ಟು ದೂರ ಹೋಗಿರಲಿಲ್ಲ. ಕಲಬುರಗಿಯವರ ಮಟ್ಟಿಗೆ ಆ ತಂಡ ಎರಡೂ ಮನೆಯದಾಗಿತ್ತು. ತರಬೇತುದಾರ ಸೈಯದ್ ಅಬ್ದುಲ್ ರಹೀಂ ಮತ್ತು ಆಟಗಾರರಲ್ಲಿ ಹಲವರು ಆಗತಾನೆ ಬಿಟ್ಟುಬಂದ ಹೈದರಾಬಾದಿನವರು. ಹಾಫ್ ಬ್ಯಾಕ್ ಕೆಂಪಯ್ಯ ಆಗತಾನೆ ಸೇರಿಕೊಂಡ ಮೈಸೂರು ರಾಜ್ಯದವರು.

ಆ ಹೈದರಾಬಾದಿನವರ ಪೈಕಿ ಇಪ್ಪತ್ತರ ಆಸುಪಾಸಿನ ಒಬ್ಬ ಹುಡುಗನಿದ್ದ. ಹೆಸರು ತುಳಸೀದಾಸ್ ಬಲರಾಂ. ಮುಂದೆ ನಾಲ್ಕೈದು ವರ್ಷಗಳಲ್ಲಿ ಭಾರತ ಕಂಡ ಅತ್ಯುತ್ತಮ ಎಡಬದಿಯ ಆಟಗಾರರಲ್ಲಿ ಒಬ್ಬರೆನಿಸಿಕೊಂಡ, ಇಪ್ಪತ್ತೇಳು ತುಂಬುವ ಹೊತ್ತಿಗೆ ದೊಡ್ಡ ಆಟವನ್ನೇ ಬಿಡಬೇಕಾಗಿ ಬಂದ ಬಲರಾಂ ಅವರ ಬದುಕಿನಲ್ಲಿ ಒಬ್ಬ ವಿಂಗರ್ ಹೇಗೆ ಹುಟ್ಟುತ್ತಾನೆ, ಎಷ್ಟು ಕಾಲ ಬಾಳುತ್ತಾನೆ ಎಂಬ ಪ್ರಶ್ನೆಗೆ ಬೇಕಾದಷ್ಟು ಉತ್ತರವಿದೆ.

ಮೊದಲು ವಿಂಗರ್ ಎಂದರೆ ಯಾರು ಎಂಬುದನ್ನು ನೋಡೋಣ. ಅಂತರರಾಷ್ಟ್ರೀಯ ಮೈದಾನದ ಅಗಲ ಸಾಮಾನ್ಯವಾಗಿ 68 ಮೀಟರ್. ಗೋಲುಕಂಬಗಳ ನಡುವಿನ ಅಂತರ ಏಳು ಮೀಟರಿಗೆ ಸ್ವಲ್ಪ ಹೆಚ್ಚು, ಅಷ್ಟೆ. ಕಾಯುವ ತಂಡ ಸಹಜವಾಗಿಯೇ ಆ ಏಳು ಮೀಟರಿನ ಮುಂದೆ ಗುಂಪುಗಟ್ಟುತ್ತದೆ. ಆ ಗುಂಪನ್ನು ಬಿಡಿಸಬೇಕಾದರೆ ಒಬ್ಬನು ಬದಿಯ ಗೆರೆಗೆ ಅಂಟಿಕೊಂಡು ನಿಲ್ಲಬೇಕು. ಅವನನ್ನು ಕಾಯಲು ಒಬ್ಬ ಡಿಫೆಂಡರ್ ಹೊರಗೆ ಬರಲೇಬೇಕು. ಬಂದರೆ ನಡುವೆ ಬಿರುಕು ಬೀಳುತ್ತದೆ. ಹಾಗಾಗಿ ಚೆಂಡು ಕಾಲಿಗೆ ಬರದಿದ್ದಾಗಲೂ ವಿಂಗರ್ ಕೆಲಸ ಮಾಡುತ್ತಲೇ ಇರುತ್ತಾನೆ. ಗ್ಯಾಲರಿಯಲ್ಲಿ ಕುಳಿತವರಿಗೆ ಇದು ಕಾಣುವುದು ಕಡಿಮೆ. ಚೆಂಡು ಬಂದಾಗ ಮಾತ್ರ ಎಲ್ಲರೂ ಎದ್ದು ನಿಲ್ಲುತ್ತಾರೆ.

ಹಳೆಯ ಆಟದಲ್ಲಿ ಎರಡು ಬ್ಯಾಕ್, ಮೂರು ಹಾಫ್, ಐದು ಫಾರ್ವರ್ಡ್ ಎಂಬ ಜೋಡಣೆಯಿತ್ತು. ಐವರಲ್ಲಿ ತುದಿಯಲ್ಲಿರುವವರಿಗೆ ‘ರೈಟ್ ಔಟ್’, ‘ಲೆಫ್ಟ್ ಔಟ್’ ಎಂಬ ಹೆಸರು. 1949ರಿಂದ 1953ರವರೆಗೆ ಕಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡದಲ್ಲಿ ಆಡಿದ ಐವರು ದಕ್ಷಿಣದ ಫಾರ್ವರ್ಡ್‌ಗಳನ್ನು ಅಲ್ಲಿನ ಜನ ‘ಪಂಚ ಪಾಂಡವರು’ ಎಂದು ಕರೆದರು: ಬಲತುದಿಯಲ್ಲಿ ವೆಂಕಟೇಶ್, ಎಡತುದಿಯಲ್ಲಿ ಸಾಲೆ, ನಡುವೆ ಅಪ್ಪಾರಾವ್, ಧನರಾಜ್ ಹಾಗೂ ಅಹ್ಮದ್ ಖಾನ್. ಅಹ್ಮದ್ ಖಾನ್ ಬೆಂಗಳೂರಿನವರು, 1948 ಮತ್ತು 1952ರ ಒಲಿಂಪಿಕ್ಸ್‌ಗಳಲ್ಲಿ ಆಡಿದವರು. ಬೆಂಗಳೂರು, ಹೈದರಾಬಾದ್‌ಗಳಲ್ಲಿ ಬೆಳೆದ ಹುಡುಗರು ಹೆಸರು ಮಾಡಬೇಕಾದರೆ ಕಲ್ಕತ್ತೆಗೇ ಹೋಗಬೇಕಾಗಿದ್ದ ಕಾಲ ಅದು.

ಬಲರಾಂ ಹುಟ್ಟಿದ್ದು 1936ರಲ್ಲಿ, ಸಿಕಂದರಾಬಾದ್ ಬಳಿಯ ಅಮ್ಮುಗುಡದಲ್ಲಿ, ಬಡ ಮನೆಯಲ್ಲಿ. ಅವರ ಆಟ ರಹೀಂ ಕಣ್ಣಿಗೆ ಬಿತ್ತು. ರಹೀಂ ಮೂಲತಃ ಶಾಲಾ ಮೇಷ್ಟ್ರು. 1943ರಿಂದ ಹೈದರಾಬಾದ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಯಾಗಿದ್ದವರು. 1950ರಿಂದ 1954ರವರೆಗೆ ಸತತ ಐದು ವರ್ಷ ರೋವರ್ಸ್ ಕಪ್ ಗೆದ್ದ ಹೈದರಾಬಾದ್ ಸಿಟಿ ಪೊಲೀಸ್ ತಂಡವನ್ನು ತಿದ್ದಿದವರು. ಅಭ್ಯಾಸಕ್ಕೆ ಬಾ ಎಂದು ಅವರು ಕರೆದಾಗ ಬಲರಾಂಗೆ ಎದುರಾದ ತೊಡಕು ಆಟದ್ದಲ್ಲ, ದಾರಿಯದು. ಅಮ್ಮುಗುಡದಿಂದ ನಗರದ ಮೈದಾನಕ್ಕೆ ಹತ್ತು ಕಿಲೋಮೀಟರಿಗೂ ಮಿಕ್ಕ ದೂರ. ಬಸ್ಸಿಗೆ ಕಾಸಿಲ್ಲ. ಕಡೆಗೆ ಬಾಡಿಗೆ ಸೈಕಲ್ಲಿನ ಹಣವನ್ನು ರಹೀಂ ಅವರೇ ಕೊಟ್ಟರು. ಭಾರತದ ಫುಟ್‌ಬಾಲ್‌ನಲ್ಲಿ ಇದಕ್ಕಿಂತ ಲಾಭದ ಹೂಡಿಕೆ ಇನ್ನೊಂದಿದ್ದೀತೇ ಎಂಬುದು ಅನುಮಾನ.

ರಹೀಂ ಅವರ ಪಾಠಕ್ರಮವೂ ವಿಶೇಷವಾಗಿತ್ತು. ಚೆಂಡನ್ನು ಕಾಲಲ್ಲಿ ಇಟ್ಟುಕೊಂಡು ಮೆರೆಯುವುದನ್ನು ತಪ್ಪಿಸಲು, ಒಂದೆರಡು ಸ್ಪರ್ಶದಲ್ಲೇ ಚೆಂಡು ದಾಟಿಸಬೇಕೆಂಬ ಕಟ್ಟುನಿಟ್ಟಿನ ಪಂದ್ಯಾವಳಿಗಳನ್ನು ಏರ್ಪಡಿಸುತ್ತಿದ್ದರು. ಹುಡುಗರ ವಾಡಿಕೆಯಿಲ್ಲದ ಕಾಲನ್ನು ಪಳಗಿಸಲೆಂದೇ ಬೇರೆ ಪಂದ್ಯಗಳು. ವಿಂಗರ್ ಆಗುವವನಿಗೆ ಎರಡೂ ಮುಖ್ಯ. ಒಂದೇ ಕಾಲಿನವನು ಗೆರೆಯ ಬಳಿ ಯಾವ ಕಡೆಗೆ ತಿರುಗುತ್ತಾನೆಂದು ಎದುರಾಳಿಗೆ ಹತ್ತು ನಿಮಿಷದಲ್ಲಿ ತಿಳಿದುಹೋಗುತ್ತದೆ. ಬಲರಾಂ ಒಳಗಿನ ಫಾರ್ವರ್ಡ್ ಆಗಿಯೂ ಆಡಬಲ್ಲವರಾಗಿದ್ದರು. ರಹೀಂ ಅವರನ್ನು ಎಡಬದಿಗೆ ಸರಿಸಿದರು. ಬಲಬದಿಯಲ್ಲಿ ಪಿ.ಕೆ. ಬ್ಯಾನರ್ಜಿ, ನಡುವೆ ಚುನಿ ಗೋಸ್ವಾಮಿ, ಎಡಬದಿಯಲ್ಲಿ ಬಲರಾಂ. ಈ ಮೂವರ ಹೆಸರನ್ನು ಹಳಬರು ಇಂದಿಗೂ ಒಂದೇ ಉಸಿರಿನಲ್ಲಿ ಹೇಳುತ್ತಾರೆ.

1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಬಲಾಢ್ಯ ಹಂಗೇರಿಯ ವಿರುದ್ಧ ಭಾರತ 1–2ರಿಂದ ಸೋತಿತು. ಭಾರತದ ಏಕೈಕ ಗೋಲು ಬಲರಾಂ ಅವರದು. ಪೆರು ವಿರುದ್ಧದ ಗೋಲೂ ಅವರದೇ. 1962ರ ಸೆಪ್ಟೆಂಬರ್ 4ರಂದು ಜಕಾರ್ತಾದಲ್ಲಿ ದಕ್ಷಿಣ ಕೊರಿಯವನ್ನು 2–1ರಿಂದ ಮಣಿಸಿ ಏಷ್ಯನ್ ಕ್ರೀಡೆಗಳ ಚಿನ್ನ ಗೆದ್ದ ತಂಡದಲ್ಲೂ ಅವರಿದ್ದರು. ಅದೇ ವರ್ಷ ಅರ್ಜುನ ಪ್ರಶಸ್ತಿ. ಮರುವರ್ಷ ಎದೆಯ ಕಾಯಿಲೆ ಹಿಡಿದು ಎತ್ತರದ ಆಟ ನಿಂತುಹೋಯಿತು. ರಹೀಂ ತೀರಿಕೊಂಡದ್ದೂ ಅದೇ 1963ರ ಜೂನ್‌ನಲ್ಲಿ. ಬಲರಾಂ ಮುಂದೆ ಬಂಗಾಳದಲ್ಲೇ ನೆಲೆಸಿ, 2023ರ ಫೆಬ್ರುವರಿ 16ರಂದು ನಿಧನರಾದರು. ಬ್ಯಾನರ್ಜಿ, ಗೋಸ್ವಾಮಿ ಇಬ್ಬರಿಗೂ ಪದ್ಮಶ್ರೀ ಬಂತು, ಬಲರಾಂಗೆ ಬರಲಿಲ್ಲ. ಗೆರೆಯಂಚಿನಲ್ಲಿ ನಿಂತವರನ್ನು ದೆಹಲಿಯೂ ಅಂಚಿನಲ್ಲೇ ಬಿಟ್ಟಿತೆನ್ನಬೇಕು.

ಈಗಿನ ವಿಂಗರ್ ಕಲ್ಕತ್ತೆಗೆ ಹೋಗಲೇಬೇಕಿಲ್ಲ. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ಮೊದಲ ಋತುವಿನಲ್ಲೇ ಐ-ಲೀಗ್ ಗೆದ್ದಿತು. ಮರುವರ್ಷ ಅಲ್ಲಿಗೆ ಬಂದ ಉದಾಂತ ಸಿಂಗ್ ಆಗ ಹದಿನೆಂಟರ ಹುಡುಗ. ಊರು ಮಣಿಪುರ, ಕಲಿಕೆ ಜಮ್ಷೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿಯಲ್ಲಿ, ಕೆಲಸ ಕಂಠೀರವ ಕ್ರೀಡಾಂಗಣದ ಬದಿಗೆರೆಯಲ್ಲಿ. ಇವರ ವೇಗವನ್ನು ಕಂಠೀರವದ ಪ್ರೇಕ್ಷಕರು ಬಹಳ ವರ್ಷ ಸವಿದರು. ಬೆಂಗಳೂರಿನವರೇ ಆದ ವಿನಿತ್ ವೆಂಕಟೇಶ್ ಅದೇ ಕ್ಲಬ್ಬಿನ ಕಿರಿಯರ ತಂಡದಲ್ಲಿ ಬೆಳೆದು, 2024ರ ಸೆಪ್ಟೆಂಬರ್ 14ರಂದು ಇಂಡಿಯನ್ ಸೂಪರ್ ಲೀಗ್‌ನಲ್ಲಿ ಈಸ್ಟ್ ಬೆಂಗಾಲ್ ವಿರುದ್ಧ ಪಂದ್ಯದ ಏಕೈಕ ಗೋಲು ಹೊಡೆದಾಗ ಅವರಿಗೆ ಹತ್ತೊಂಬತ್ತು. ಆ ಋತುವಿನಲ್ಲಿ ತಂಡ ಫೈನಲ್‌ವರೆಗೂ ಹೋಗಿ ಮೋಹನ್ ಬಾಗಾನ್‌ಗೆ 1–2ರಿಂದ ಸೋತಿತು.

ವೃತ್ತಿಯ ನೆಲ ಮಾತ್ರ ಇನ್ನೂ ಗಟ್ಟಿಯಾಗಿಲ್ಲ. 2025ರ ಜುಲೈನಲ್ಲಿ ಲೀಗಿನ ಸಂಘಟಕರು, ಫುಟ್‌ಬಾಲ್ ಫೆಡರೇಷನ್‌ನೊಂದಿಗಿನ ಒಪ್ಪಂದ ಮುಂದುವರಿಯುವ ಖಾತ್ರಿಯಿಲ್ಲವೆಂದು ಹೊಸ ಋತುವನ್ನು ತಡೆಹಿಡಿದರು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ಮುಖ್ಯ ತಂಡದ ಆಟಗಾರರ ಸಂಬಳವನ್ನೇ ಅನಿರ್ದಿಷ್ಟವಾಗಿ ನಿಲ್ಲಿಸುವುದಾಗಿ ಪ್ರಕಟಿಸಿತು. 2026ರ ಫೆಬ್ರುವರಿಯಲ್ಲಿ ಲೀಗ್ ಶುರುವಾಗುತ್ತದೆಂದು ಕೇಂದ್ರ ಕ್ರೀಡಾ ಸಚಿವರು ಹೇಳಿದ್ದು ಜನವರಿಯಲ್ಲಿ. ವೇಗವನ್ನೇ ನಂಬಿದ ಆಟಗಾರನಿಗೆ ಇಪ್ಪತ್ತರ ಪ್ರಾಯದಲ್ಲಿ ಕಳೆದುಹೋದ ಆರು ತಿಂಗಳು ಗುಮಾಸ್ತನ ಆರು ತಿಂಗಳಿನಂತಲ್ಲ.

ಇನ್ನು ಕಲಬುರಗಿಯ ಮಾತು. ಹೈದರಾಬಾದಿಗೆ ಇಲ್ಲಿಂದ ಇನ್ನೂರು ಕಿಲೋಮೀಟರಿಗೆ ತುಸು ಹೆಚ್ಚು. ಬೆಂಗಳೂರಿಗೆ ಆರುನೂರರ ಆಸುಪಾಸು. 1956ರವರೆಗೆ ಹೈಕೋರ್ಟಿನ ವ್ಯಾಜ್ಯಕ್ಕೆ ಇಲ್ಲಿನವರು ಹೋಗುತ್ತಿದ್ದುದು ಹೈದರಾಬಾದಿಗೇ. ರಾಜ್ಯ ಬದಲಾದ ಮೇಲೆ ಕ್ರೀಡೆಯ ಆಯ್ಕೆ, ಅನುದಾನ, ರಾಜ್ಯ ತಂಡ ಎಲ್ಲದರ ಬಾಗಿಲೂ ಬೆಂಗಳೂರಿನ ಕಡೆ ತಿರುಗಿತು. ಹತ್ತಿರದ ಫುಟ್‌ಬಾಲ್ ನಗರ ಬೇರೆ ರಾಜ್ಯದ್ದಾಯಿತು, ನಮ್ಮ ರಾಜ್ಯದ ಫುಟ್‌ಬಾಲ್ ನಗರ ಮೂರು ಪಟ್ಟು ದೂರದ್ದಾಯಿತು. 1967–68, 1968–69ರಲ್ಲಿ ಮೈಸೂರು ಸಂತೋಷ್ ಟ್ರೋಫಿ ಗೆದ್ದಾಗಲೂ, 54 ವರ್ಷಗಳ ನಂತರ 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3–2ರಿಂದ ಸೋಲಿಸಿದಾಗಲೂ ಆ ಗೆಲುವು ಇಲ್ಲಿಗೆ ಪತ್ರಿಕೆಯ ಸುದ್ದಿಯಾಗಿ ಬಂತು.

ಕಮಲಾಪುರದ ಹನ್ನೆರಡರ ಹುಡುಗನೊಬ್ಬನ ಲೆಕ್ಕ ಹಾಕಿ ನೋಡಬಹುದು. ಕೆಂಪು ಬಾಳೆಗೆ ಹೆಸರಾದ, ಈಗ ತಾಲ್ಲೂಕು ಕೇಂದ್ರವಾಗಿರುವ ಈ ಊರು ಹುಮನಾಬಾದ್ ರಸ್ತೆಯಲ್ಲಿ ಕಲಬುರಗಿಯಿಂದ ಮೂವತ್ತು–ನಲವತ್ತು ಕಿಲೋಮೀಟರ್ ದೂರದಲ್ಲಿದೆ. ಜಿಲ್ಲಾ ಕ್ರೀಡಾಂಗಣ ಇರುವುದು ಕಲಬುರಗಿಯಲ್ಲಿ. ಮೇ ತಿಂಗಳಲ್ಲಿ ಬಿಸಿಲು ನಲವತ್ತು ಡಿಗ್ರಿ ದಾಟುವ ನಾಡಿದು. ಅಭ್ಯಾಸವೇನಿದ್ದರೂ ನಸುಕಿನಲ್ಲಿ, ಇಲ್ಲವೇ ಹೊತ್ತಿಳಿದ ಮೇಲೆ. ಎರಡೂ ಹೊತ್ತಿನಲ್ಲಿ ಶಾಲೆಯ ಹುಡುಗ ಅಷ್ಟು ದೂರ ಬಸ್ಸಿನಲ್ಲಿ ಹೋಗಿಬರುವುದು ಮನೆಯವರಿಗೆ ಹೊರೆ. ಶಾಲಾ ಪಂದ್ಯಾವಳಿ ಇದೆ. 1960ರಿಂದ ನಡೆಯುತ್ತಿರುವ ಸುಬ್ರೊತೊ ಕಪ್‌ಗೆ ದಾರಿ ತಾಲ್ಲೂಕು, ಜಿಲ್ಲಾ ಮಟ್ಟದ ಪಂದ್ಯಗಳ ಮೂಲಕವೇ. ಆದರೆ ಅದು ಸೋತವರು ಮನೆಗೆ ಎನ್ನುವ ಪದ್ಧತಿ. ಮೊದಲ ದಿನವೇ ಸೋತ ಶಾಲೆಯ ಹುಡುಗನಿಗೆ ಇಡೀ ವರ್ಷದ ಫುಟ್‌ಬಾಲ್ ಎಂದರೆ ಒಂದು ಪಂದ್ಯ. ಬೆಂಗಳೂರಿನ ಕ್ಲಬ್ಬಿನ ಹುಡುಗ ಲೀಗಿನಲ್ಲಿ ವಾರ ವಾರವೂ ಆಡುತ್ತಿರುತ್ತಾನೆ. ಡಿಫೆಂಡರನ್ನು ದಾಟುವ ಕಲೆ ಓಡಿ ಕಲಿಯುವಂಥದ್ದಲ್ಲ. ಬೇರೆ ಬೇರೆ ಡಿಫೆಂಡರ್‌ಗಳಿಗೆ ಸಿಕ್ಕಿ, ಚೆಂಡು ಕಳೆದುಕೊಂಡು ಕಲಿಯುವಂಥದ್ದು.

ಊರಿನ ಸಣ್ಣ ಕ್ಲಬ್ಬಿಗೆ ಇದರಿಂದ ಏನು ದಕ್ಕೀತು ಎಂದು ಕೇಳುವವರಿಗೆ ಅಂತರರಾಷ್ಟ್ರೀಯ ಫುಟ್‌ಬಾಲ್ ಸಂಸ್ಥೆ ಫಿಫಾದ ಒಂದು ನಿಯಮ ತಿಳಿದಿರುವುದು ಒಳ್ಳೆಯದು. ಕರಾರು ಇನ್ನೂ ಮುಗಿಯದ ಆಟಗಾರನೊಬ್ಬನನ್ನು ಒಂದು ದೇಶದ ಕ್ಲಬ್ಬು ಹಣ ಪಡೆದು ಇನ್ನೊಂದು ದೇಶದ ಕ್ಲಬ್ಬಿಗೆ ಬಿಟ್ಟುಕೊಟ್ಟರೆ, ಆ ಮೊತ್ತದ ಶೇ 5ರಷ್ಟನ್ನು ಅವನ 12ರಿಂದ 23ರ ಪ್ರಾಯದೊಳಗೆ ಅವನನ್ನು ಬೆಳೆಸಿದ ಕ್ಲಬ್ಬುಗಳಿಗೆ ಹಂಚಬೇಕು. 12ರಿಂದ 15ರವರೆಗಿನ ಪ್ರತಿ ವರ್ಷಕ್ಕೆ ಶೇ 0.25, ಆಮೇಲಿನ ಪ್ರತಿ ವರ್ಷಕ್ಕೆ ಶೇ 0.5. ಆದರೆ ಆ ವರ್ಷಗಳಲ್ಲಿ ಹುಡುಗನ ಹೆಸರು ಕ್ಲಬ್ಬಿನ ಆಟಗಾರನೆಂದು ಫೆಡರೇಷನ್‌ನಲ್ಲಿ ನೋಂದಣಿಯಾಗಿರಬೇಕು. ನೋಂದಣಿಯಿಲ್ಲದೆ ಊರ ಮೈದಾನದಲ್ಲಿ ಎಷ್ಟೇ ವರ್ಷ ಆಡಿಸಿದ್ದರೂ ಅದು ಲೆಕ್ಕಕ್ಕೆ ಬರುವುದಿಲ್ಲ.