ಡಿಸ್ಚಾರ್ಜ್ ಆಯ್ತು, ಮುಂದೇನು?

ಕಲಬುರಗಿಯ ದೊಡ್ಡ ಆಸ್ಪತ್ರೆಯಲ್ಲಿ ಹತ್ತು ದಿನ ಇದ್ದು ಮಾವನವರು ಸೇಡಂಗೋ ಚಿಂಚೋಳಿಗೋ ಮರಳಿದರೆ ಮನೆಮಂದಿಗೆಲ್ಲ ‘ಗೆದ್ದು ಬಂದ್ವಿ’ ಎಂಬ ಸಮಾಧಾನ. ಆದರೆ ಅಲ್ಲಿ ನರ್ಸ್ ಮಾಡುತ್ತಿದ್ದ ಕೆಲಸ ಇನ್ನು ನಿಮ್ಮ ಪಾಲಿಗೆ ಬರುತ್ತದೆ!

ತೊಂದರೆ ಆಗೋದು ಎಲ್ಲಿ ಗೊತ್ತೇ? ಆಪರೇಷನ್ ಕಲಬುರಗಿಯಲ್ಲಿ, ಬಿಪಿ ತಪಾಸಣೆ ತಾಲ್ಲೂಕು ಆಸ್ಪತ್ರೆಯಲ್ಲಿ, ಜ್ವರಕ್ಕೆ ಓಣಿಯ ಡಾಕ್ಟ್ರು. ವಾಡಿ, ಶಹಾಬಾದ್ ಕಡೆಯವರು ರೈಲು ಹತ್ತಿ ಸೊಲ್ಲಾಪುರಕ್ಕೋ ಹೈದರಾಬಾದಿಗೋ ಹೋಗುವುದೂ ಉಂಟು. ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ. ಒಂದೇ ಔಷಧಿಗೆ ಕಂಪನಿಗೊಂದು ಹೆಸರು. ಹಳೆಯದು, ಹೊಸದು ಎರಡನ್ನೂ ನುಂಗಿಸಿದರೆ ಬಿಪಿ ಇಳಿದು ತಲೆ ತಿರುಗಬಹುದು, ಶುಗರ್ ಕುಸಿದು ಪ್ರಜ್ಞೆ ತಪ್ಪಬಹುದು.

‘ಈಗ ಆರಾಮ ಅದೀನಿ, ಗುಳಿಗಿ ಯಾಕ ಬೇಕವ್ವಾ?’ ಎನ್ನುವವರೂ ಇದ್ದಾರೆ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ರಕ್ತ ಹೆಪ್ಪುಗಟ್ಟದಂತೆ ಕೊಟ್ಟ ಗುಳಿಗೆ ನಿಲ್ಲಿಸಿದರೆ ಸ್ಟೆಂಟ್ ಮುಚ್ಚಿ ಜೀವಕ್ಕೇ ಕುತ್ತು. ಹಲ್ಲು ಕೀಳಿಸುವುದಿದ್ದರೂ ಹೃದಯದ ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ.

ಮನೆಗೆ ಹೊರಡುವ ಮುನ್ನ ಕೇಳಿ

* ಯಾವ ಗುಳಿಗೆ, ಎಷ್ಟು ದಿನ, ಊಟಕ್ಕೆ ಮೊದಲೋ ನಂತರವೋ?
* ಹಳೆಯ ಗುಳಿಗೆಗಳಲ್ಲಿ ಯಾವುದು ಬಂದ್?
* ಹೊಲಿಗೆ ಬಿಚ್ಚಿಸುವುದು ಯಾವಾಗ, ಎಲ್ಲಿ? ತಾಲ್ಲೂಕು ಆಸ್ಪತ್ರೆಯಲ್ಲೇ ಆಗುತ್ತದೆಯೇ?
* ಏನಾದರೆ ತಕ್ಷಣ ಓಡಿಬರಬೇಕು?

ಉತ್ತರಗಳನ್ನು ಕನ್ನಡದಲ್ಲೇ ಬರೆದುಕೊಳ್ಳಿ. ಹೇಳಿದ್ದು ತಿಳಿಯದಿದ್ದರೆ ಮತ್ತೆ ಕೇಳಲು ಸಂಕೋಚ ಬೇಡ.

ಒಂದೇ ಫೈಲ್ ಇರಲಿ

ಡಿಸ್ಚಾರ್ಜ್ ಕಾರ್ಡ್, ರಕ್ತಪರೀಕ್ಷೆ, ಎಕ್ಸ್‌ರೇ, ರೆಫರಲ್ ಚೀಟಿ ಎಲ್ಲವನ್ನೂ ತಾರೀಖಿನ ಪ್ರಕಾರ ಒಂದೇ ಫೈಲಿನಲ್ಲಿಡಿ. ಮೊಬೈಲಿನಲ್ಲಿ ಫೋಟೊ ತೆಗೆದು ಪುಣೆ, ಬೆಂಗಳೂರಿನಲ್ಲಿರುವ ಮಗನಿಗೂ ಕಳಿಸಿ. ಕಾಗದ ಕಳೆದುಹೋಯಿತೇ? ರೋಗಿ ಅಥವಾ ಅಧಿಕೃತ ಸಂಬಂಧಿ ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕೆಂದು 2002ರ ವೈದ್ಯಕೀಯ ಮಂಡಳಿ ನಿಯಮವೇ ಹೇಳುತ್ತದೆ. ಒಳರೋಗಿಯ ದಾಖಲೆಯನ್ನು ಮೂರು ವರ್ಷ ಕಾಯ್ದಿಡಬೇಕು. ಬರವಣಿಗೆಯಲ್ಲಿ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ.

ಮನೆಗೆ ಬಂದ ವಾರದೊಳಗೆ ಆ ಫೈಲನ್ನೂ, ಮನೆಯಲ್ಲಿರುವ ಎಲ್ಲ ಗುಳಿಗೆಗಳನ್ನೂ ಚೀಲಕ್ಕೆ ಹಾಕಿಕೊಂಡು ಹತ್ತಿರದ ಸರ್ಕಾರಿ ವೈದ್ಯರಿಗೆ ತೋರಿಸಿ. ಆಶಾ ಕಾರ್ಯಕರ್ತೆಗೂ ವಿಷಯ ತಿಳಿಸಿ. ಎದೆನೋವು, ಉಸಿರಾಟಕ್ಕೆ ತೊಂದರೆ, ಮಾತು ತೊದಲುವುದು ಕಂಡರೆ ಬೆಳಗಾಗಲಿ ಎಂದು ಕಾಯದೆ 108ಕ್ಕೆ ಕರೆ ಮಾಡಿ. ಫೈಲ್ ಮಾತ್ರ ಮರೀಬೇಡಿ, ಮುಂದಿನ ವೈದ್ಯರಿಗೆ ಅದೇ ದಾರಿದೀಪ.