ಹೊಗೆ ಹೋಯಿತು, ಎಣ್ಣೆ ಬಂತು

ಸಗಣಿ ಮೆತ್ತಿದ ಬಾಲ ಕೆನ್ನೆಗೆ ಬಡಿದರೆ ಹೇಗಿರುತ್ತದೆ ಎಂಬುದು ಹಾಲು ಕರೆದವರಿಗಷ್ಟೇ ಗೊತ್ತು. ಮಳೆ ಹಿಂದೆ ಸರಿದು ಬಿಸಿಲು ಬಿದ್ದ ವಾರದಲ್ಲಿ ನಮ್ಮ ಗಂಗೆಗೆ ನಿಂತಲ್ಲಿ ನಿಲ್ಲಲಾಗುವುದಿಲ್ಲ. ಮೊದಲು ಭುಜದ ಚರ್ಮವನ್ನಷ್ಟೇ ನಡುಗಿಸುತ್ತದೆ. ಕೆರೆಗೆ ಕಲ್ಲು ಬಿದ್ದಂತೆ ಒಂದು ಅಲೆ ಎದ್ದು ಹೊಟ್ಟೆಯವರೆಗೆ ಹೋಗಿ ಆರುತ್ತದೆ. ಅದಕ್ಕೂ ನೊಣ ಜಗ್ಗದಿದ್ದರೆ ಕಿವಿ, ಆಮೇಲೆ ಬಾಲ, ಕೊನೆಗೆ ಕಾಲು. ಕಾಲಿನ ಸರದಿ ಬರುವಷ್ಟರಲ್ಲಿ ತಂಬಿಗೆ ಎತ್ತಿಕೊಂಡು ಹಿಂದೆ ಸರಿದಿರಬೇಕು. ಆಯಿ ಅಡುಗೆಮನೆಯಿಂದಲೇ ಕೂಗುತ್ತಿದ್ದಳು: "ಹೊಗೆ ಹಾಕಿದ್ಯನಾ ತಮಾ?"

ಹೊಗೆ ಹಾಕುವುದು ನಮ್ಮ ಕಡೆ ಸಂಜೆಯ ಕೆಲಸವಾಗಿತ್ತು. ಒಡೆದ ಮಣ್ಣಿನ ಗಡಿಗೆಯಲ್ಲಿ ಬಚ್ಚಲೊಲೆಯ ಕೆಂಡ, ಅದರ ಮೇಲೆ ಒಣಗಿದ ಅಡಿಕೆ ಸಿಪ್ಪೆ, ಸಿಪ್ಪೆ ಹೊತ್ತಿಕೊಳ್ಳುತ್ತಿದ್ದಂತೆ ಒಂದು ಹಿಡಿ ಹಸಿ ಲಕ್ಕಿ ಸೊಪ್ಪು. ಉರಿ ಏಳಬಾರದು, ಹೊಗೆ ಮಾತ್ರ ಬರಬೇಕು. ಅದೊಂದು ಕೈಗುಣ. ಕೊಟ್ಟಿಗೆಯ ಮಾಡಿನ ಪಕಾಸು, ರೀಪುಗಳೆಲ್ಲ ಕಪ್ಪಾಗಿ ಹೊಳೆಯುತ್ತಿದ್ದದ್ದು ಆ ಹೊಗೆಯಿಂದ. ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟಿಗರ ಮನೆಗಳಲ್ಲಿ ಅಡಿಕೆ ಸಿಪ್ಪೆಗೆ ಬರವಿಲ್ಲ. ನೊಣಕ್ಕೆ ಬೇರೆ ಔಷಧ ಹುಡುಕುವ ಅಗತ್ಯವೇ ಯಾರಿಗೂ ಬಿದ್ದಿರಲಿಲ್ಲ.

ಕುದುರೆ ಸಾಕುವ ದೇಶಗಳಲ್ಲಿ ಇದೇ ಕೆಲಸಕ್ಕೆ ವಿನೆಗರ್, ಸಿಟ್ರೊನೆಲ್ಲಾ ಎಣ್ಣೆ, ಸೋಪಿನ ನೀರು ಕಲಸಿ ಮನೆಯಲ್ಲೇ ತುಂತುರು ಮದ್ದು ಮಾಡಿಕೊಳ್ಳುತ್ತಾರೆ. ನಮ್ಮ ಘಟ್ಟದ ಮೇಲೆ ಕುದುರೆ ಸಾಕುವ ರೂಢಿ ಇಲ್ಲ, ಆದರೆ ಕುದುರೆ ಕಾಣದ ನಾಡೂ ಇದಲ್ಲ. ವಿಜಯನಗರದ ಕಾಲದಲ್ಲಿ ಹೊರ್ಮುಜ್ ಕಡೆಯ ಕುದುರೆಗಳು ಭಟ್ಕಳ, ಹೊನ್ನಾವರದ ಬಂದರುಗಳಲ್ಲಿ ಇಳಿದು ಸಹ್ಯಾದ್ರಿ ಹತ್ತಿ ಹೋಗುತ್ತಿದ್ದವು. ಮರಳುಗಾಡಿನಲ್ಲಿ ಬೆಳೆದ ಆ ಪ್ರಾಣಿಗಳಿಗೆ ನಮ್ಮ ಕಾಡಿನ ನೊಣ, ನುಸಿ, ಉಂಬಳಗಳ ಮೊದಲ ಪರಿಚಯ ಹೇಗಾಗಿರಬಹುದು ಎಂದು ಗಂಗೆಯ ಬಾಲದೇಟು ತಿಂದಾಗಲೆಲ್ಲ ಯೋಚಿಸುತ್ತೇನೆ. ಪ್ರಾಣಿಗಳಿಗೆ ಮದ್ದು ಮಾಡುವ ವಿದ್ಯೆಯನ್ನು ಕನ್ನಡಿಗರು ಆಗಲೇ ಬರೆದಿಟ್ಟಿದ್ದರು. ಚಾಳುಕ್ಯ ರಾಜಕುಮಾರ ಕೀರ್ತಿವರ್ಮನ 'ಗೋವೈದ್ಯ' 12ನೇ ಶತಮಾನದ್ದು. ಅದರಲ್ಲಿ ಔಷಧದ ಜೊತೆಗೆ ಮಂತ್ರವೂ ಇದೆ.

ಕುದುರೆಯನ್ನೂ ದನವನ್ನೂ ಕಾಡುವ ದೊಡ್ಡ ನೊಣ ಒಂದೇ ಕುಲದ್ದು. ಬಣ್ಣ ಬಣ್ಣದ ದೊಡ್ಡ ಕಣ್ಣು, ಜೇನುಹುಳಕ್ಕಿಂತ ದಪ್ಪ ಮೈ. ಕಚ್ಚುವುದು ಹೆಣ್ಣು ಮಾತ್ರ, ಮೊಟ್ಟೆಗೆ ರಕ್ತ ಬೇಕು. ಸೊಳ್ಳೆಯಂತೆ ನಾಜೂಕಾಗಿ ಸೂಜಿ ಚುಚ್ಚುವ ಜಾತಿಯಲ್ಲ ಇದು. ಚರ್ಮವನ್ನು ಕತ್ತಿಯಂತೆ ಸೀಳಿ, ಒಸರಿದ ರಕ್ತವನ್ನು ನೆಕ್ಕುತ್ತದೆ. ನೋವಿಗೆ ಪ್ರಾಣಿ ಕೊಡವುತ್ತದೆ, ನೊಣ ಅರ್ಧ ಹೊಟ್ಟೆಯಲ್ಲಿ ಎದ್ದು ಪಕ್ಕದ ಪ್ರಾಣಿಯ ಮೇಲೆ ಕೂರುತ್ತದೆ. ರೋಗ ದಾಟುವುದೂ ಹೀಗೆಯೇ. 1880ರಲ್ಲಿ ಗ್ರಿಫಿತ್ ಇವಾನ್ಸ್ ಎಂಬ ಪಶುವೈದ್ಯ ಆಗಿನ ಪಂಜಾಬಿನ ಡೇರಾ ಇಸ್ಮಾಯಿಲ್ ಖಾನಿನಲ್ಲಿ ಸೊರಗಿ ಸಾಯುತ್ತಿದ್ದ ಕುದುರೆ, ಒಂಟೆಗಳ ರಕ್ತದಲ್ಲಿ ಹುಳುವಿನಂತೆ ಹೊರಳಾಡುವ ಸೂಕ್ಷ್ಮಜೀವಿಯನ್ನು ಕಂಡ. 'ಸರ್ರಾ' ಎಂಬ ಆ ರೋಗವನ್ನು ಹೊತ್ತು ತಿರುಗುವುದು ಈ ನೊಣವೇ.

ಕೊಟ್ಟಿಗೆಯಲ್ಲಿ ಇನ್ನೊಂದಿದೆ, ಹೆಚ್ಚು ಕಳ್ಳ. ನೋಡಲು ಮನೆನೊಣದ ಹಾಗೆಯೇ. ತಲೆಯ ಕೆಳಗಿನಿಂದ ಮುಂದಕ್ಕೆ ಚಾಚಿದ ಮೊನಚಾದ ಸೊಂಡಿಲು ಇದ್ದರೆ ಅದು ಮನೆಯದಲ್ಲ, ಕೊಟ್ಟಿಗೆಯದು. ದನ ಸುಮ್ಮಸುಮ್ಮನೆ ಕಾಲು ಕುಟ್ಟುತ್ತಿದ್ದರೆ ಮೊಣಕಾಲಿನ ಕೆಳಗೆ ಅದೇ ಕೂತಿರುತ್ತದೆ. ಹಾಲು ಕರೆಯುವವನ ಹಿಮ್ಮಡಿಯನ್ನೂ ಅದು ಬಿಡುವುದಿಲ್ಲ. ಹುಟ್ಟುವುದು ಗೊಬ್ಬರಗುಂಡಿಯ ಅಂಚಿನಲ್ಲಿ, ಗಂಜಲ ಕುಡಿದು ಕೊಳೆಯುವ ಹುಲ್ಲಿನಲ್ಲಿ. ಗುಂಡಿಯನ್ನು ಕೊಟ್ಟಿಗೆಯ ಬಾಗಿಲಲ್ಲೇ ಇಟ್ಟುಕೊಂಡು ದನಕ್ಕೆ ಎಷ್ಟು ಎಣ್ಣೆ ಸವರಿದರೂ ಅದು ಸೋರುವ ಕೊಡಕ್ಕೆ ನೀರು ಹೊಯ್ದಂತೆಯೇ. ಇದು ನನಗೆ ತಿಳಿಯುವಷ್ಟರಲ್ಲಿ ಎರಡು ವರ್ಷದ ಎಣ್ಣೆ ಖರ್ಚಾಗಿತ್ತು.

ಹೊಗೆ ನಮ್ಮ ಮನೆಗಳಿಂದ ಹೋದದ್ದು ನೊಣಕ್ಕೆ ಸಂಬಂಧವೇ ಇಲ್ಲದ ಕಾರಣಕ್ಕೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹುಟ್ಟಿದ 'ಅಸ್ತ್ರ' ವಿಭಾಗದ ಹೊಗೆರಹಿತ ಒಲೆ ಈ ಭಾಗಕ್ಕೂ ಬಂತು. 1981ರ ಹೊತ್ತಿಗೆ ಕೇಂದ್ರ ಸರ್ಕಾರದ ಗೋಬರ್ ಗ್ಯಾಸ್ ಯೋಜನೆ, ಅದರ ಹಿಂದೆಯೇ ದೀನಬಂಧು ಮಾದರಿಯ ಗುಂಡಿ ಬಂದವು. ದನ ಇದ್ದವರೆಲ್ಲ ಗುಂಡಿ ತೋಡಿಸಿದರು. ಹೆಂಗಸರ ಕಣ್ಣು, ಎದೆ ಉಳಿದವು. ಅದಕ್ಕೆ ಎರಡು ಮಾತಿಲ್ಲ, ಹಳೆಯ ಹೊಗೆಯನ್ನು ಹಾಡಿ ಹೊಗಳುವವರು ಒಂದು ದಿನ ಆ ಅಡುಗೆಮನೆಯಲ್ಲಿ ದೋಸೆ ಹೊಯ್ಯಬೇಕು. ಆದರೆ ಒಲೆ ಆರಿದ್ದೇ ಕೆಂಡ ಸಿಗದಾಯಿತು. ಹೆಂಚಿನ ಮಾಡು ಹೋಗಿ ಕೊಟ್ಟಿಗೆಗೆ ತಗಡು ಬಂತು, ಕೆಳಗೆ ಸಿಮೆಂಟು ಬಂತು. ಮಲೆನಾಡು ಗಿಡ್ಡದ ಜಾಗಕ್ಕೆ ಜರ್ಸಿ ಮಿಶ್ರತಳಿ ಬಂತು. ಗಿಡ್ಡ ತಳಿಯ ದನದ ಚರ್ಮ ಒಂದೇ ಸಮನೆ ನಡುಗುತ್ತದೆ, ಕೂದಲು ಗಿಡ್ಡ, ಉಣುಗು ಕಚ್ಚಿದರೂ ತಡೆದುಕೊಳ್ಳುತ್ತದೆ. ಮಿಶ್ರತಳಿಗೆ ಆ ತಾಳಿಕೆ ಇಲ್ಲ. ಹಾಲು ನಾಲ್ಕು ಪಟ್ಟು, ತಾಪತ್ರಯ ಎಂಟು ಪಟ್ಟು.

ಎಣ್ಣೆ ಬಂದದ್ದು ಈ ಸಂದಿಯಲ್ಲಿ. ಹೊಂಗೆ ಎಣ್ಣೆ ಮೊದಲಿನಿಂದಲೂ ದನದ ಗಾಯಕ್ಕೆ ಇಟ್ಟುಕೊಂಡಿದ್ದೇ, ಹುಣ್ಣಿಗೆ ನೊಣ ಕೂತು ಹುಳ ಆಗದಿರಲಿ ಎಂದು. ಅದನ್ನೇ ಮೈಗೆಲ್ಲ ಸವರಿದರೆ ಹೇಗೆ ಎಂದು ಯಾರೋ ಮೊದಲು ಸವರಿದರು. ನಮ್ಮ ಮನೆಯ ಕ್ರಮ ಇದು: ಹಿತ್ತಲಿನ ಮಜ್ಜಿಗೆ ಹುಲ್ಲನ್ನು ಬೆರಳುದ್ದ ಕತ್ತರಿಸಿ ಜಜ್ಜಿ, ಲಕ್ಕಿ ಸೊಪ್ಪಿನ ಜೊತೆ ಹೊಂಗೆ ಎಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಕಾಯಿಸುವುದು. ಸೊಪ್ಪು ಗರಿಗರಿಯಾಗುವ ಮೊದಲೇ ಇಳಿಸಿ, ಆರಿದ ಮೇಲೆ ಕರ್ಪೂರ ಪುಡಿ ಮಾಡಿ ಹಾಕಿ, ಬಟ್ಟೆಯಲ್ಲಿ ಸೋಸುವುದು. ಬಿಸಿ ಇರುವಾಗ ಕರ್ಪೂರ ಹಾಕಿದರೆ ಅದು ಮನೆಯವರ ಮೂಗಿಗೆ ಹೋಗುತ್ತದೆ, ದನದ ಮೈಗಲ್ಲ.

ಇದರ ಹಿಂದಿನ ಲೆಕ್ಕ ಸರಳ. ನೊಣ ದನವನ್ನು ಹುಡುಕಿ ಬರುವುದು ಉಸಿರಿನ ಇಂಗಾಲದ ಡೈಆಕ್ಸೈಡ್, ಮೈವಾಸನೆ, ಕಪ್ಪು ಚಲಿಸುವ ಆಕಾರ ಇವುಗಳ ಜಾಡು ಹಿಡಿದು. ಮಜ್ಜಿಗೆ ಹುಲ್ಲಿನ ಪರಿಮಳ ಆ ಜಾಡನ್ನು ಕೆಡಿಸುತ್ತದೆ, ಆದರೆ ಅದು ಹಾರಿಹೋಗುವ ಜಾತಿ. ನೀರಿನಲ್ಲಿ ಬೆರೆಸಿ ಸಿಂಪಡಿಸಿದರೆ ಬಿಸಿಲಿಗೆ ಬೇಗ ಮುಗಿಯಿತು. ದಪ್ಪನೆಯ ಹೊಂಗೆ ಎಣ್ಣೆ ಆ ಪರಿಮಳವನ್ನು ಹಿಡಿದಿಟ್ಟು ಸ್ವಲ್ಪ ಸ್ವಲ್ಪವೇ ಬಿಡುತ್ತದೆ. ಹಾಗೆಂದು ದಿನವಿಡೀ ಅಲ್ಲ. ಮೇಯಲು ಬಿಡುವ ಮೊದಲು ಒಮ್ಮೆ, ಕರೆಯುವ ಮೊದಲು ಒಮ್ಮೆ. ಕರ್ಪೂರ ಬೆರೆತ ಈ ಎಣ್ಣೆ ಕಣ್ಣಿನ ಹತ್ತಿರ, ಗಾಯದ ಮೇಲೆ ಬೇಡ.

ಕೆಚ್ಚಲಿಗಂತೂ ಬೇಡವೇ ಬೇಡ. ಒಮ್ಮೆ ನಾನು ಬೇವಿನೆಣ್ಣೆ ಇನ್ನೂ ಒಳ್ಳೆಯದೆಂದು ಧಾರಾಳವಾಗಿ ಬೆರೆಸಿ, ಹೊಟ್ಟೆ, ಕೆಚ್ಚಲು ಎನ್ನದೆ ಬಳಿದೆ. ಅಂದು ಮನೆಗೆ ನೆಂಟರು. ಆಯಿ ಚಹಾ ಕೊಟ್ಟಳು. ಮೊದಲ ಗುಟುಕಿಗೆ ಯಾರೂ ಮಾತಾಡಲಿಲ್ಲ, ಎರಡನೆಯದಕ್ಕೆ ಭಾವ ಲೋಟ ಕೆಳಗಿಟ್ಟು "ಎಂತ, ಕಷಾಯವಾ?" ಎಂದ. ಹಾಲು ವಾಸನೆಯನ್ನು ಎಳೆದುಕೊಳ್ಳುವಷ್ಟು ಬೇಗ ಬೇರಾವುದೂ ಎಳೆದುಕೊಳ್ಳುವುದಿಲ್ಲ.

ಮನೆಮದ್ದನ್ನು ಲೆಕ್ಕ, ಅಳತೆಯ ದಾರಿಗೆ ತಂದವರೂ ಇದ್ದಾರೆ. ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿ ಪ್ರಚಾರ ಮಾಡುವ ಪಾರಂಪರಿಕ ಪಶುಮದ್ದುಗಳಲ್ಲಿ ಉಣುಗು, ಹೇನಿಗೆ ಒಂದಿದೆ: 10 ಎಸಳು ಬೆಳ್ಳುಳ್ಳಿ, ಒಂದೊಂದು ಹಿಡಿ ಬೇವಿನ ಎಲೆ, ಬೇವಿನ ಕಾಯಿ, ತುಳಸಿ, ಲಂಟಾನ ಸೊಪ್ಪು, 10 ಗ್ರಾಂ ಬಜೆ, 20 ಗ್ರಾಂ ಅರಿಸಿನ ಪುಡಿ. ರುಬ್ಬಿ, ಒಂದು ಲೀಟರ್ ನೀರು ಬೆರೆಸಿ, ಸೋಸಿ ಮೈಗೆ ಸಿಂಪಡಿಸಬೇಕು. ಕೊಟ್ಟಿಗೆಯ ಗೋಡೆಯ ಬಿರುಕಿಗೂ ಹೊಡೆಯಬೇಕು, ಉಣುಗು ಮೊಟ್ಟೆ ಇಡುವುದು ಅಲ್ಲಿ. ವಾರಕ್ಕೊಮ್ಮೆ, ಬಿಸಿಲಿರುವಾಗ. ನಮ್ಮ ಘಟ್ಟದ ಮಳೆಗೆ ಬೇವಿನ ಮರ ಸರಿಯಾಗಿ ಬರುವುದಿಲ್ಲ, ಬಯಲುಸೀಮೆಯಿಂದ ತರಿಸಬೇಕು. ಲಂಟಾನ ಮಾತ್ರ ಬೇಲಿಗೆ ಬೇಲಿಯೇ ಇದೆ. ಅದನ್ನು ತಿಂದ ದನಕ್ಕೆ ಕಾಮಾಲೆ ಬರುತ್ತದೆ, ಬಿಸಿಲಿಗೆ ಚರ್ಮ ಸುಲಿಯುತ್ತದೆ. ರುಬ್ಬಿ ಉಳಿದ ಚರಟವನ್ನು ಕೊಟ್ಟಿಗೆಯ ಮೂಲೆಗೆ ಎಸೆಯುವ ಅಭ್ಯಾಸ ಇದ್ದವರು ಜಾಗ್ರತೆ.

ಎಣ್ಣೆ, ಮದ್ದು ಯಾವುದೂ ಬೇಡ, ಬಣ್ಣ ಬಳಿಯಿರಿ ಎಂದವರು ಜಪಾನಿನವರು. ಕಪ್ಪು ದನಗಳಿಗೆ ಬಿಳಿ ಪಟ್ಟೆ ಎಳೆದು ಜೀಬ್ರಾದಂತೆ ಮಾಡಿದರೆ ಕಚ್ಚುವ ನೊಣ ಸುಮಾರು ಅರ್ಧಕ್ಕೆ ಇಳಿಯಿತು ಎಂದು 2019ರಲ್ಲಿ ಪ್ರಕಟಿಸಿದರು. 2025ರಲ್ಲಿ ಅವರಿಗೆ ಇಗ್ ನೊಬೆಲ್ ಬಂತು. ಆ ಬಹುಮಾನ ಮೊದಲು ನಗಿಸುವ, ಆಮೇಲೆ ಯೋಚಿಸುವಂತೆ ಮಾಡುವ ಸಂಶೋಧನೆಗೆ. ದೊಡ್ಡಬ್ಬದ, ಅಂದರೆ ದೀಪಾವಳಿಯ ದಿನ ನಾವು ದನದ ಮೈಗೆ ಬಳಿಯುವ ಜೇಡಿ, ಕೆಮ್ಮಣ್ಣಿನ ಅಚ್ಚು ಗುಂಡಗಿರುತ್ತದೆ. ಒಂದು ವರ್ಷ ಪಟ್ಟೆ ಎಳೆದು ನೋಡಬೇಕೆಂದಿದ್ದೇನೆ, ಆಯಿ ಒಪ್ಪಿದರೆ.

ಇಲ್ಲಿಯವರೆಗೆ ದನದ ಮಾತು. ಎಣ್ಣೆ ಮನುಷ್ಯರ ಮೈಗೆ ಬಂದ ಕತೆ ಸೊರಬದಿಂದ ಶುರುವಾಗುತ್ತದೆ. 1957ರಲ್ಲಿ ಅಲ್ಲಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಸುತ್ತಲಿನ ಜನ ಜ್ವರಕ್ಕೆ ಮಲಗಿದರು. ಹಳದಿ ಜ್ವರ ಭಾರತಕ್ಕೆ ಬಂತೇ ಎಂದು ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಗಾಬರಿಯಲ್ಲಿ ಓಡಿಬಂದರು. ಸಿಕ್ಕಿದ್ದು ಹೊಸ ವೈರಸ್, ಹೊತ್ತು ತರುತ್ತಿದ್ದುದು ಉಣುಗು. ದನಕ್ಕೆ ಈ 'ಮಂಗನ ಕಾಯಿಲೆ' ಬರುವುದಿಲ್ಲ, ಆದರೆ ಕಾಡಿಗೆ ಮೇಯಲು ಹೋದ ದನದ ರಕ್ತ ಕುಡಿದೇ ದೊಡ್ಡ ಉಣುಗುಗಳು ಸಂತಾನ ಬೆಳೆಸುತ್ತವೆ. ಜನರನ್ನು ಕಚ್ಚುವುದು ಎಳ್ಳಿನಷ್ಟೂ ದೊಡ್ಡದಲ್ಲದ ಮರಿ. ಅದರ ಕಾಲ ಮಳೆ ನಿಂತ ಮೇಲಿನಿಂದ ಬೇಸಿಗೆಯವರೆಗೆ.

ಆ ಕಾಲವೇ ನಮಗೆ ದರಕು ಗುಡಿಸುವ ಕಾಲ. ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆ ಸೊಪ್ಪಿನ ಬೆಟ್ಟ ಎಂದು ಬ್ರಿಟಿಷರ ಕಾಲದಲ್ಲಿ ಲೆಕ್ಕ ಹಾಕಿ ಬಿಟ್ಟುಕೊಟ್ಟಿದ್ದರು. ಅಲ್ಲಿನ ಒಣ ಎಲೆ ಕೊಟ್ಟಿಗೆಗೆ, ಕೊಟ್ಟಿಗೆಯ ಗೊಬ್ಬರ ತೋಟಕ್ಕೆ. ದರಕಿನ ಕಲ್ಲಿ ತಲೆಯ ಮೇಲೆ ಹೊತ್ತು ಬರುವಾಗ ಏನೇನು ಜೊತೆಗೆ ಬರುತ್ತಿತ್ತು ಎಂದು ಯಾರೂ ನೋಡಿರಲಿಲ್ಲ.

ಉಣುಗು ಹತ್ತದಿರಲೆಂದು ಆರೋಗ್ಯ ಇಲಾಖೆ ಕಾಡಂಚಿನ ಮನೆಗಳಿಗೆ ಹಂಚಿದ ಮೊದಲ ಎಣ್ಣೆ ಡಿಎಂಪಿ, ಎರಡನೇ ಮಹಾಯುದ್ಧದಲ್ಲಿ ಸೈನಿಕರು ಸವರಿಕೊಳ್ಳುತ್ತಿದ್ದದ್ದು. ಜಗತ್ತಿನ ಬೇರೆಡೆ ಹೆಸರಾದ ಡೀಟ್ ಅಮೆರಿಕದ ಸೇನೆಗೆಂದು 1946ರಲ್ಲಿ ತಯಾರಾಗಿ, ಜನಸಾಮಾನ್ಯರ ಕೈಗೆ ಬಂದದ್ದು 1957ರಲ್ಲಿ, ಕ್ಯಾಸನೂರಿನ ಮಂಗಗಳು ಸತ್ತ ವರ್ಷವೇ. ಡೀಟ್ ಮಾಡಲು ಬೇಕಾದ ಕಚ್ಚಾವಸ್ತು ನಮ್ಮಲ್ಲಿ ಸಿಗುತ್ತಿರಲಿಲ್ಲ. ಹಾಗಾಗಿ ಗ್ವಾಲಿಯರಿನ ರಕ್ಷಣಾ ಸಂಶೋಧನಾ ಪ್ರಯೋಗಾಲಯ ಡೆಪಾ ಎಂಬುದನ್ನು ರೂಢಿಗೆ ತಂದಿತು. ಈಗ ಆಶಾ ಕಾರ್ಯಕರ್ತೆ ಮನೆಗೆ ತಂದುಕೊಡುವ ಬಾಟಲಿ ಅದು. ಮಂಗನ ಕಾಯಿಲೆಗೆ ಕೊಡುತ್ತಿದ್ದ ಲಸಿಕೆ ಪರಿಣಾಮ ಸಾಲದೆಂದು 2022ರಲ್ಲಿ ನಿಂತುಹೋಯಿತು. 2024ರ ಆರಂಭದಲ್ಲಿ ಸಿದ್ದಾಪುರ ತಾಲ್ಲೂಕಿನಲ್ಲಿ ಕಾಯಿಲೆ ಜೋರಾದಾಗ ಜನರ ಕೈಯಲ್ಲಿ ಇದ್ದದ್ದು ಈ ಬಾಟಲಿ ಒಂದೇ.

ನಮ್ಮ ಮನೆಯ ಕಿಟಕಿಯಲ್ಲಿ ಎರಡು ಎಣ್ಣೆ ಅಕ್ಕಪಕ್ಕ ಇವೆ. ಒಂದು ಗಂಗೆಯ ಹೊಂಗೆ ಎಣ್ಣೆ, ಹಳೆಯ ಹಾರ್ಲಿಕ್ಸ್ ಬಾಟಲಿಯಲ್ಲಿ. ಇನ್ನೊಂದು ಆಯಿಯ ಡೆಪಾ. ಮೊದಮೊದಲು ಆಯಿ ಡೆಪಾ ಮುಟ್ಟುತ್ತಿರಲಿಲ್ಲ. ದನದ ಎಣ್ಣೆಯನ್ನೇ ಕಾಲಿಗೆ ಬಳಿದುಕೊಂಡು ಬೆಟ್ಟಕ್ಕೆ ಹೋಗುತ್ತಿದ್ದಳು. ಕೇಳಿದರೆ, "ಅದ್ರ ವಾಸನೆಗೆ ಗಂಗೆ ಸೊರೆ ಬಿಡ್ತಿಲ್ಲೆ ತಮಾ."

ನಾನು ನಂಬಿರಲಿಲ್ಲ. ಒಂದು ಸಂಜೆ ಡೆಪಾ ಹಚ್ಚಿಕೊಂಡ ಕೈಯಲ್ಲೇ ಕರೆಯಲು ಕೂತೆ. ಗಂಗೆ ಒಮ್ಮೆ ತಿರುಗಿ ಮೂಸಿತು. ಕೆಚ್ಚಲು ಕಲ್ಲಾಯಿತು, ತಂಬಿಗೆಯ ತಳ ಮುಚ್ಚುವಷ್ಟು ಹಾಲೂ ಬರಲಿಲ್ಲ.

ಈಗ ಒಂದು ಒಪ್ಪಂದ ಆಗಿದೆ. ಬೆಟ್ಟಕ್ಕೆ ಹೋಗುವಾಗ ಆಯಿ ಡೆಪಾ ಹಚ್ಚಿಕೊಳ್ಳುತ್ತಾಳೆ. ಬಂದ ಕೂಡಲೇ ಸೀರೆಯನ್ನು ಬಿಸಿನೀರಿನಲ್ಲಿ ಮುಳುಗಿಸಿ, ಸೋಪು ಹಚ್ಚಿ ಮೀಯುತ್ತಾಳೆ. ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಮೊಣಕೈವರೆಗೆ ಎರಡೂ ಕೈ ಮೂಸಿ ನೋಡಿಕೊಳ್ಳುತ್ತಾಳೆ. ಆಮೇಲೆ ಹಾರ್ಲಿಕ್ಸ್ ಬಾಟಲಿಯ ಮುಚ್ಚಳ ತೆಗೆದು ಗಂಗೆಯ ಭುಜ, ಬೆನ್ನು, ಹಿಂಗಾಲಿಗೆ ಸವರಿ, ಅಂಗೈಯನ್ನು ಹುಲ್ಲಿಗೆ ಒರೆಸಿ, ಕೈ ತೊಳೆದು ಕೂರುತ್ತಾಳೆ. ಬಾಲವನ್ನು ಮಾತ್ರ ಇನ್ನೂ ಕಾಲಿಗೆ ಸೇರಿಸಿ ಕಟ್ಟುತ್ತಾಳೆ.